ಅಪ್ಪನ ಬೈಕಿಗೆ ಯಾವ ಎಣ್ಣೆ? ನಾಲ್ಕನೇ ವಾರದ ಟಿಪ್ಪಣಿ

ಅಪ್ಪನ ಹಳೇ 100 ಸಿಸಿ ಬೈಕಿನ ಇಂಜಿನ್ ಬಿಚ್ಚಿ ಕಟ್ಟಿ ನಾಲ್ಕು ವಾರ ಆಯ್ತು. ಹೊಸ ಪಿಸ್ಟನ್ ರಿಂಗ್ ಕೂತುಕೊಳ್ಳಲಿ ಅಂತ ಇಷ್ಟು ದಿನ ಕಚ್ಚಾ ತೈಲದಿಂದ ಬರುವ ಮಾಮೂಲಿ ಮಿನರಲ್ ಎಣ್ಣೆಯಲ್ಲೇ ಓಡಿಸಿದೆ. ಈಗ ಬದಲಿಸುವ ಹೊತ್ತು. ಬದಿಯಡ್ಕದ ಮಳೆಗೆ, ನಮ್ಮ ಗುಡ್ಡೆ ಏರುವ ದಾರಿಗೆ ಸಿಂಥೆಟಿಕ್ ಹಾಕಿದರೆ ನಿಜವಾಗಿಯೂ ಉಪಯೋಗ ಉಂಟಾ?

ಭಾನುವಾರ ರಾತ್ರಿ ಫ್ರೀಜರಿನಲ್ಲಿ ಮೂರು ಸಣ್ಣ ಬಾಟಲಿ ಇಟ್ಟೆ. ಒಂದರಲ್ಲಿ ತೆಂಗಿನೆಣ್ಣೆ, ಒಂದರಲ್ಲಿ ಮಿನರಲ್, ಇನ್ನೊಂದರಲ್ಲಿ ಪಿಎಒ ಎಂಬ, ಕಾರ್ಖಾನೆಯಲ್ಲಿ ಕಟ್ಟಿದ ಎಣ್ಣೆ ಇರುವ ಸಿಂಥೆಟಿಕ್. ಇಂಜಿನ್ ಎಣ್ಣೆ ಎರಡೂ 10ಡಬ್ಲ್ಯೂ-30, ಅಂದರೆ ದಪ್ಪದ ಗ್ರೇಡ್ ಒಂದೇ. ಗ್ರೇಡ್ ಬೇರೆಯಾದರೆ ಹೋಲಿಸಿ ಪ್ರಯೋಜನ ಇಲ್ಲ. ಬೆಳಗ್ಗೆ ನೋಡಿದರೆ ತೆಂಗಿನೆಣ್ಣೆ ಕಲ್ಲು. ಬಾಟಲಿ ಓರೆ ಮಾಡಿದಾಗ ಮಿನರಲ್ ಜೋನಿಬೆಲ್ಲದ ಹಾಗೆ ಜಾರಿತು. ಸಿಂಥೆಟಿಕ್ ಸಲೀಸಾಗಿ ಇಳಿಯಿತು.

ಕಾರಣ ಅಣುವಿನ ಆಕಾರ. ತೆಂಗಿನೆಣ್ಣೆಯ ಸರಪಳಿಗಳು ಹೆಚ್ಚಿನವು ನೇರ. ಸುಮಾರು 24 ಡಿಗ್ರಿಗೇ ಸೌದೆ ಒಟ್ಟಿದ ಹಾಗೆ ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ಡಿಸೆಂಬರಿನಲ್ಲಿ ಬಾಟಲಿಯನ್ನು ಬಿಸಿಲಿಗೆ ಇಡುವುದು ಇದಕ್ಕೇ ಅಲ್ವಾ? ಮಿನರಲ್ ಎಣ್ಣೆಯಲ್ಲೂ ಇಂಥ ನೇರ ಮೇಣ ಸ್ವಲ್ಪ ಉಳಿದಿರುತ್ತದೆ. ಪಿಎಒ, ಅಂದರೆ ಪಾಲಿಆಲ್ಫಾಒಲೆಫಿನ್, ಹಾಗಲ್ಲ. ಹತ್ತು ಇಂಗಾಲದ ಡೆಸೀನ್ ಅಣುಗಳನ್ನು ಮೂರು ನಾಲ್ಕು ಸೇರಿಸಿ ಕಟ್ಟಿ, ಆಮೇಲೆ ಹೈಡ್ರೋಜನ್ ಕೂಡಿಸುತ್ತಾರೆ. ಗೆಲ್ಲು ಗೆಲ್ಲಾದ ಅಣು ಅದು. ಗೆಲ್ಲು ಸವರದ ಮರವನ್ನು ಒಟ್ಟಲಿಕ್ಕೆ ಆಗುತ್ತದಾ?

ಫ್ರೀಜರಿನ ಚಳಿ ನಮ್ಮಲ್ಲಿಲ್ಲ, ನಿಜ. ಆದರೆ ಪಿಎಒ ಬಿಸಿಗೆ ನೀರಾಗುವುದೂ ಕಡಿಮೆ. ಹಾಗಾಗಿ ದಪ್ಪ ಉಳಿಸಲು ಪಾಲಿಮರ್, ಅಂದರೆ ತುಂಬಾ ಉದ್ದ ಸರಪಳಿಯ ಅಣು, ಜಾಸ್ತಿ ಬೆರೆಸಬೇಕಾಗಿಲ್ಲ. ಬೈಕಿನಲ್ಲಿ ಗೇರುಗಳೂ ಅದೇ ಎಣ್ಣೆಯಲ್ಲಿ ಮುಳುಗಿ, ಆ ಪಾಲಿಮರನ್ನು ಕತ್ತರಿಸುತ್ತಾ ಹೋಗುತ್ತವೆ. ನನಗೆ ಬೇಕಾದ ಲಾಭ ಇದು.

ಪಿಎಒ ಒಂದೇ ಇದ್ದರೆ ಸೀಲಿನ ರಬ್ಬರ್ ಸ್ವಲ್ಪ ಕುಗ್ಗುತ್ತದೆ. ಅದಕ್ಕೆ ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆದ ವಸ್ತು, ಬೆರೆಸುತ್ತಾರೆ. ಈ ವಿಷಯ ಓದಿದ ದಿನ ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ತೆಂಗಿನೆಣ್ಣೆಯೂ ಎಸ್ಟರೇ! ಅದರಲ್ಲಿರುವ ಎಂಟು, ಹತ್ತು ಇಂಗಾಲದ ಆಮ್ಲಗಳನ್ನು ಬೇರೆ ಮಾಡಿ, ಗ್ಲಿಸರಿನ್ ಬದಲು ಬಿಸಿಗೆ ಬೇಗ ಒಡೆಯದ ಇನ್ನೊಂದು ಆಲ್ಕೋಹಾಲಿಗೆ ಕಟ್ಟಿದರೆ ಇಂಜಿನ್ನಿಗೆ ಒದಗುವ ಎಸ್ಟರ್ ಸಿಗುತ್ತದೆ.

ಡಬ್ಬಿಯ ಮೇಲೆ ಸಿಂಥೆಟಿಕ್ ಅಂತ ಇದ್ದ ಮಾತ್ರಕ್ಕೆ ಒಳಗೆ ಪಿಎಒ ಇರಬೇಕೆಂದಿಲ್ಲ. ಕಚ್ಚಾ ತೈಲದಿಂದಲೇ ಬಂದು, ಹೈಡ್ರೋಜನ್ ಹಾಯಿಸಿ ಚೆನ್ನಾಗಿ ಶುದ್ಧ ಮಾಡಿದ ಗ್ರೂಪ್ 3 ಎಣ್ಣೆಯನ್ನೂ ಹಾಗೆ ಕರೆಯಬಹುದು ಅಂತ ಅಮೆರಿಕದ ಜಾಹೀರಾತು ಜಗಳವೊಂದರಲ್ಲಿ 1999ರಲ್ಲೇ ತೀರ್ಮಾನವಾಗಿದೆ. ಅದೂ ಒಳ್ಳೆಯ ಎಣ್ಣೆಯೇ. ಕ್ಲಚ್ ಎಣ್ಣೆಯಲ್ಲೇ ಮುಳುಗಿರುವ ಬೈಕಿಗೆ ಕ್ಲಚ್ ಜಾರದ ಎಣ್ಣೆ ಅಂತ ಹೇಳುವ ಜಪಾನಿನ ಜಾಸೋ ಎಂಎ ಅಥವಾ ಎಂಎ2 ಗುರುತು ಮಾತ್ರ ಬೇಕೇ ಬೇಕು.

ಎಣ್ಣೆ ಇಳಿಸಲು ಮುಚ್ಚಳ ತೆಗೆದಾಗ ಎದೆ ಧಸಕ್ಕೆಂದಿತು. ಒಳಗಡೆ ಹಾಲು ಹಾಕಿದ ಚಹಾದ ಬಣ್ಣದ ನೊರೆ. ಅಮ್ಮ ತೆಳ್ಳವು ಎರೆಯುವುದು ಬಿಟ್ಟ ಹಳೇ ಕಾವಲಿಯನ್ನು ಅಂಗಳದಲ್ಲಿ ಕಾಯಿಸಿ, ಕನ್ನಡಕ ಹಾಕಿಕೊಂಡು, ಒಂದು ಹನಿ ಬಿಟ್ಟೆ. ಚಟಪಟ ಅಂತ ಸಿಡಿಯಿತು. ಹೊಸ ಎಣ್ಣೆಯ ಹನಿ ಸುಮ್ನೆ ಹರಡಿತು. ಹಳೆಯದರಲ್ಲಿ ನೀರು ಸೇರಿದೆ.

ತಪ್ಪು ಎಣ್ಣೆಯದಲ್ಲ. ಮನೆಯಿಂದ ಪೇಟೆಗೆ ಮೂರೇ ಕಿಲೋಮೀಟರ್. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ರಿಂಗ್ ಸಂದಿನಿಂದ ಕೆಳಗಿಳಿಯುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಆವಿ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಇದನ್ನು ಸಿಂಥೆಟಿಕ್ ತಡೆಯುವುದಿಲ್ಲ. ನೀರು ಮತ್ತು ಬಿಸಿ ಸೇರಿದರೆ ಎಸ್ಟರ್ ನಿಧಾನಕ್ಕೆ ಒಡೆಯುವುದೂ ಉಂಟು.

ಸಿಂಥೆಟಿಕ್ಕೇ ತುಂಬಿಸಿದೆ. ಇಳಿಸಿದ ಎಣ್ಣೆ ಕ್ಯಾನಿನಲ್ಲಿದೆ, ತೋಟದ ಮಣ್ಣಿಗೆ ಒಂದು ಹನಿ ಬೀಳಬಾರದು. ಇನ್ನು ಪ್ರತಿ ಭಾನುವಾರ ಮಳೆಯಿದ್ದರೂ ಕುಂಬಳೆವರೆಗೆ ಹೋಗಿ ಬರುತ್ತೇನೆ. 500 ಕಿಲೋಮೀಟರ್ ಆದಾಗ ಮತ್ತೊಂದು ಹನಿ ಕಾವಲಿಗೆ.