ಸ್ಯಾನ್ ಆಂಟೋನಿಯೋದಲ್ಲಿ ಅವ್ವ ಬೇಯಿಸಿದ ಟಾಕೋ

ನಮ್ಮ ಅವ್ವ ಕಳೆದ ವರ್ಷ ಸೆಪ್ಟೆಂಬರಿನಲ್ಲಿ ವಿಜಯಪುರದಿಂದ ನಮ್ಮ ಮನೆಗೆ ಬಂದಳು. ನಾವಿರುವುದು ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. 1836ರವರೆಗೆ ಈ ಊರು ಮೆಕ್ಸಿಕೋ ದೇಶದಲ್ಲೇ ಇತ್ತು. ಹಾಗಾಗಿ ಇಲ್ಲಿ ಟಾಕೋ, ಅಂದರೆ ತೆಳು ರೊಟ್ಟಿಯಲ್ಲಿ ಪಲ್ಯ ಇಟ್ಟು ಮಡಚಿದ್ದು, ಹೊರಗಿನ ತಿಂಡಿ ಅಲ್ಲ. ನಮ್ಮ ಕಡೆ ಬೆಳಿಗ್ಗೆ ಸುಸಲಾ, ಉಪ್ಪಿಟ್ಟು ತಿಂದ ಹಾಗೆ ಇಲ್ಲಿಯ ಜನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಟಾಕೋ ಕಟ್ಟಿಸಿಕೊಂಡು ಹೋಗುತ್ತಾರೆ. ನನ್ನ ಮಗನಿಗಂತೂ ಟಾಕೋ ಅಂದರೆ ಜೀವ. ಅಜ್ಜಿಗೆ ತನ್ನ ಊರಿನ ಟಾಕೋ ತಿನ್ನಿಸಲೇಬೇಕು ಅಂತ ದಿನಾ ಹಟ ಹಿಡಿಯುತ್ತಿದ್ದ.

ಅಕ್ಟೋಬರಿನ ಒಂದು ಶುಕ್ರವಾರ ಸಂಜೆ ಅವ್ವನನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋದೆವು. ನಮ್ಮದು ಮೊದಲಿನಿಂದಲೂ ಶಾಕಾಹಾರದ ಮನೆ. ಅವ್ವ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಮಾಂಸ ಇಲ್ಲದ್ದು ಏನಿದೆ ಅಂತ ಕೇಳಿದೆ. ಬೀನ್ಸ್ ಟಾಕೋ ಅಂದರು, ಇಲ್ಲಿ ಬೀನ್ಸ್ ಅಂದರೆ ಒಣ ಕಾಳು. ತರಿಸಿದೆವು. ಅವ್ವ ಎರಡು ತುತ್ತು ತಿಂದು, "ಛಲೋ ಅದ ಬಿಡವ್ವಾ, ಹೆಸರುಕಾಳಿನ ಪಲ್ಯ ಹಚ್ಕೊಂಡು ತಿಂದಂಗ ಆತು" ಅಂದಳು. ಆಗಲೇ ನನಗೆ ಏನೋ ನೆನಪಾಗಿ, ಬಡಿಸುವ ಹುಡುಗನನ್ನು ಕರೆದು, ಬೀನ್ಸ್‌ಗೆ ಯಾವ ಎಣ್ಣೆ ಹಾಕುತ್ತೀರಿ ಅಂತ ಕೇಳಿದೆ. "ಮಾಂತೇಕಾ" ಅಂದ. ಮಾಂತೇಕಾ ಅಂದರೆ ಹಂದಿಯ ಕೊಬ್ಬು.

ಆ ಹುಡುಗನ ತಪ್ಪೇನೂ ಇರಲಿಲ್ಲ. ನಾನು ಮಾಂಸ ಇದೆಯಾ ಅಂತ ಕೇಳಿದ್ದೆ, ಇಲ್ಲ ಅಂದಿದ್ದರು. ಕೊಬ್ಬಿನ ಬಗ್ಗೆ ನಾನು ಮೊದಲೇ ಕೇಳಬೇಕಿತ್ತು. ಅವ್ವನಿಗೆ ಹೇಳದೇ ಇರಲು ಮನಸ್ಸು ಒಪ್ಪಲಿಲ್ಲ, ಹೇಳಿದೆ. ಅವಳು ಕೈಯಲ್ಲಿದ್ದುದನ್ನು ನಿಧಾನವಾಗಿ ತಟ್ಟೆಗಿಟ್ಟು ಎದ್ದು ಕೈ ತೊಳೆದುಕೊಂಡು ಬಂದಳು. "ಗೊತ್ತಿಲ್ಲದ ಆಗೇದ. ನೀ ಅಳಬ್ಯಾಡ" ಅಂದಳು. ಮನೆಗೆ ಬಂದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಮುಂದೆ ತುಂಬಾ ಹೊತ್ತು ಕೂತಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿಗೆ ಹೊಸದಾಗಿ ಬರುವ ನಮ್ಮ ಜನರಿಗೆ ಇದನ್ನು ಮೊದಲು ಹೇಳುತ್ತೇನೆ. ಹಳೆಯ ಪದ್ಧತಿಯಲ್ಲಿ ಬೀನ್ಸ್ ಹುರಿಯುವುದು ಹಂದಿಯ ಕೊಬ್ಬಿನಲ್ಲೇ. ಮೈದಾದ ಟೋರ್ತಿಯಾಗೂ, ಅಂದರೆ ಟಾಕೋದ ರೊಟ್ಟಿಗೂ, ಎಷ್ಟೋ ಕಡೆ ಅದನ್ನೇ ಹಾಕಿ ನಾದುತ್ತಾರೆ. ಕೆಂಪಗೆ ಕಾಣುವ ಟೊಮೆಟೊ ಅನ್ನವನ್ನು ಬಹಳಷ್ಟು ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಅಂಗಡಿಯಲ್ಲಿ ಮೆಕ್ಕೆಜೋಳದ ಹಸಿ ಹಿಟ್ಟು ಕೊಳ್ಳುವಾಗ ಚೀಟಿಯ ಮೇಲೆ 'ಪ್ರೆಪರಾದಾ' ಅಂತ ಬರೆದಿದ್ದರೆ ಅದು ತಮಾಲೆ ಅನ್ನುವ, ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬಿಗೆ ಅಂತ ಕಲಸಿದ ಹಿಟ್ಟು, ಅದರಲ್ಲಿ ಸಾಮಾನ್ಯವಾಗಿ ಕೊಬ್ಬು ಬೆರೆತಿರುತ್ತದೆ. ಚೀಸ್ ಪೊಟ್ಟಣದ ಮೇಲೆ ಬರೀ 'ಎಂಜೈಮ್' ಅಂತಿದ್ದರೆ, ಹಾಲು ಗಟ್ಟಿ ಮಾಡುವ ಆ ವಸ್ತು ಕರುವಿನ ಹೊಟ್ಟೆಯದ್ದೋ ಬೇರೆಯದ್ದೋ ತಿಳಿಯುವುದಿಲ್ಲ. ಮಾಂಸ ಇದೆಯಾ ಅಂತ ಒಂದೇ ಪ್ರಶ್ನೆ ಕೇಳಿದರೆ ಸಾಲದು.

ಆ ರಾತ್ರಿಯೇ ನಿರ್ಧಾರ ಮಾಡಿದೆ. ಅವ್ವನಿಗೆ ಟಾಕೋ ಮೇಲೆ ಬೇಸರ ಉಳಿಯಬಾರದು. ಮನೆಯಲ್ಲೇ ಮಾಡುತ್ತೇನೆ, ರೊಟ್ಟಿಯಿಂದ ಹಿಡಿದು ಎಲ್ಲವನ್ನೂ.

ಹಿಂದೆ ಒಂದು ಸಲ ಮಾಡಲು ಹೋಗಿ ಕೆಟ್ಟಿತ್ತು. ಇಂಡಿಯನ್ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ನಾದಿದ್ದೆ. ಒತ್ತಿದರೆ ಅಂಚೆಲ್ಲ ಬಿರುಕು. ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಪಲ್ಯ ತುಂಬಿ ಮಡಚಿದರೆ ನಡುವೆಯೇ ಮುರಿಯುತ್ತಿತ್ತು. ಯಾಕೆ ಹೀಗೆ ಅಂತ ಪಕ್ಕದ ಮನೆಯವರನ್ನು ಕೇಳಿದ ಮೇಲೆಯೇ ಗೊತ್ತಾಗಿದ್ದು. ಅವರು ಮೆಕ್ಸಿಕೋದ ಪ್ವೆಬ್ಲಾ ಕಡೆಯವರು, ಅವ್ವನ ವಯಸ್ಸಿನವರೇ. ಟೋರ್ತಿಯಾಕ್ಕೆ ಬೇರೆಯದೇ ಹಿಟ್ಟು ಬೇಕು, ಮಾಸಾ ಬೇಕು ಅಂದರು. ಆಮೇಲೆ ಒಂದು ಚೀಲ ತಂದಿಟ್ಟೆ. ಒತ್ತುವ ಮಣೆ ಇಲ್ಲ ಅಂತ ಅದು ಹಾಗೇ ಕಪಾಟಿನಲ್ಲಿ ಉಳಿದಿತ್ತು.

ಶನಿವಾರ ಆ ಚೀಲ ಬಿಚ್ಚಿ ಹಿಟ್ಟನ್ನು ಪಾತ್ರೆಗೆ ಸುರಿದೆ. ಅವ್ವ ಪಕ್ಕದಲ್ಲಿ ನಿಂತಿದ್ದಳು. ಒಂದು ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿದಳು. ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಇದರಾಗ ಸುಣ್ಣ ಅದ ಏನವ್ವಾ?"

ನಾನು ಚೀಲ ತಿರುಗಿಸಿ ಓದಿ ತೋರಿಸಿದೆ. ಸುಣ್ಣದಲ್ಲಿ ಸಂಸ್ಕರಿಸಿದ ಮೆಕ್ಕೆಜೋಳ ಅಂತ ಬರೆದಿತ್ತು. ಅವ್ವ ಐವತ್ತು ವರ್ಷದಿಂದ ಎಲೆಅಡಿಕೆ ಹಾಕುವವಳು. ದಿನಾ ಬೆರಳ ತುದಿಯಲ್ಲಿ ಎಲೆಗೆ ಸುಣ್ಣ ಸವರುತ್ತಾಳೆ. ಅವಳ ಮೂಗಿಗೆ ಅದು ತಪ್ಪುವುದುಂಟಾ? ನಾನು ಪೊಟ್ಟಣ ಓದಿ ತಿಳಿದುಕೊಂಡಿದ್ದನ್ನು ಅವಳು ಒಂದು ಚಿಟಿಕೆಯಲ್ಲಿ ತಿಳಿದುಕೊಂಡಿದ್ದಳು.

ಈ ಸುಣ್ಣದ ಕೆಲಸ ನಿಜಕ್ಕೂ ದೊಡ್ಡದು. ಒಣಗಿದ ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಮೇಲಿನ ಸಿಪ್ಪೆ ಸಡಿಲವಾಗುತ್ತದೆ. ತೊಳೆದು ರುಬ್ಬಿದರೆ ಅಂಟು ಬಂದು, ತಟ್ಟಿದರೂ ಬಿರಿಯದ ಹಿಟ್ಟು ಆಗುತ್ತದೆ. ಅದನ್ನೇ ಒಣಗಿಸಿ ಪುಡಿ ಮಾಡಿದ್ದು ನಾವು ಚೀಲದಲ್ಲಿ ತರುವ ಮಾಸಾ. ಸುಣ್ಣ ಹಾಕುವುದರಿಂದ ಕಾಳಿನೊಳಗೆ ಕಟ್ಟಿಕೊಂಡಿರುವ ನಯಾಸಿನ್ ಅನ್ನುವ ಬಿ ಜೀವಸತ್ವವೂ ಬಿಡುಗಡೆಯಾಗಿ ಮೈಗೆ ಸಿಗುತ್ತದೆ. ಮೆಕ್ಸಿಕೋದ ಜನ ಇದನ್ನು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಅದನ್ನೇ ಹೊಟ್ಟೆತುಂಬ ತಿಂದು ಬದುಕಿದ ಸ್ಪೇನಿನ, ಇಟಲಿಯ ಬಡವರಿಗೆ ನಯಾಸಿನ್ ಕೊರತೆಯಿಂದ ಪೆಲಾಗ್ರ ಅನ್ನುವ ರೋಗ ಬಂತು. ಕಾಳು ನಮ್ಮ ಕಡೆಗೂ ಬಂತು, ಸುಣ್ಣ ನಮ್ಮಲ್ಲೂ ಇತ್ತು. ಅವೆರಡನ್ನೂ ಒಂದೇ ಪಾತ್ರೆಗೆ ಹಾಕಲು ಹೇಳಿಕೊಡುವವರು ಇರಲಿಲ್ಲ ಅಷ್ಟೇ. ಅವ್ವನಿಗೆ ಇಷ್ಟನ್ನೂ ಹೇಳಿದೆ. "ಹಂಗಾದ್ರ ನಮ್ಮ ಗೊಂಜಾಳದ ರೊಟ್ಟಿ ಇಷ್ಟು ದಿವ್ಸ ಅರ್ಧಾನೇ ಮಾಡಿದಂಗಾತು" ಅಂದಳು.

ಹಿಟ್ಟು ಕಲಸುವುದು ಸುಲಭ. ಎರಡು ಬಟ್ಟಲು ಮಾಸಾಗೆ ಒಂದೂವರೆ ಬಟ್ಟಲು ಉಗುರು ಬೆಚ್ಚಗಿನ ನೀರು, ಅರ್ಧ ಚಮಚ ಉಪ್ಪು. ಎರಡು ನಿಮಿಷ ನಾದಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟೆವು. ಅವ್ವ ಎಸರು ಇಡಲು ಹೊರಟಿದ್ದಳು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕದಿದ್ದರೆ ಜಿಗಿ ಬರುವುದಿಲ್ಲ, ಅಲ್ವಾ? ಇಲ್ಲಿ ಆ ಕೆಲಸ ಸುಣ್ಣ ಮೊದಲೇ ಮಾಡಿಟ್ಟಿರುತ್ತದೆ. ಉಂಡೆ ಕಟ್ಟಿ ಹೆಬ್ಬೆರಳಿನಿಂದ ಅದುಮಿ ನೋಡಬೇಕು. ಅಂಚು ಬಿರಿದರೆ ಇನ್ನೊಂದು ಚಮಚ ನೀರು. ಕೈಗೆ ಅಂಟಿದರೆ ಸ್ವಲ್ಪ ಹಿಟ್ಟು. ಒಟ್ಟು ಹದಿನಾರು ಉಂಡೆ ಆದವು.

ಅಷ್ಟರಲ್ಲಿ ಪಕ್ಕದ ಮನೆಯವರು ತಮ್ಮ ಕಬ್ಬಿಣದ ಒತ್ತುವ ಮಣೆಯನ್ನು ಎತ್ತಿಕೊಂಡು ಬಂದರು. ಮಗ ಬೆಳಿಗ್ಗೆಯೇ ಹೋಗಿ ಕೇಳಿ ಬಂದಿದ್ದ. ಜೊತೆಗೆ ಕಾಗದದಲ್ಲಿ ಸುತ್ತಿದ ನಾಲ್ಕು ಒಣ ಎಲೆ ತಂದಿದ್ದರು. ಅವು ಬೆಣ್ಣೆಹಣ್ಣಿನ ಮರದ ಎಲೆ, ಅಂದರೆ ಆವಕಾಡೊ ಎಲೆ. ಪ್ವೆಬ್ಲಾದಲ್ಲಿ ಕರಿ ಬೀನ್ಸ್‌ಗೆ ಇದನ್ನು ಹಾಕುತ್ತಾರಂತೆ. ಹಂಚಿನ ಮೇಲೆ ಬೆಚ್ಚಗೆ ಮಾಡಿದರೆ ಸೋಂಪಿನ ಪರಿಮಳ ಬರುತ್ತದೆ. ಇದು ಮೆಕ್ಸಿಕೋದ ಒಂದು ಜಾತಿಯ ಎಲೆ. ಹಿತ್ತಲಿನಲ್ಲಿ ಬೆಣ್ಣೆಹಣ್ಣಿನ ಮರ ಇದೆ ಅಂತ ಯಾವುದೋ ಎಲೆ ಕಿತ್ತು ಹಾಕಬೇಡಿ, ಬೇರೆ ಜಾತಿಯ ಎಲೆ ಹೊಟ್ಟೆಗೆ ಒಳ್ಳೆಯದಲ್ಲ. ಸಿಗದಿದ್ದರೆ ಒಂದು ಚಿಟಿಕೆ ಸೋಂಪು ಸಾಕು.

ಕರಿ ಬೀನ್ಸ್ ರಾತ್ರಿಯೇ ನೆನೆಸಿದ್ದೆ, ನಿದ್ದೆ ಬರದ ಹೊತ್ತಿನಲ್ಲಿ ಎದ್ದು. ಒಂದು ಬಟ್ಟಲು ಬೀನ್ಸ್, ಅರ್ಧ ಈರುಳ್ಳಿ, ಎರಡು ಬೆಳ್ಳುಳ್ಳಿ ಎಸಳು ಹಾಕಿ ಕುಕ್ಕರಿನಲ್ಲಿ ಐದು ಸೀಟಿ. ಆಮೇಲೆ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಹೆಚ್ಚಿದ ಈರುಳ್ಳಿ, ಪುಡಿ ಮಾಡಿದ ಎಲೆ, ಬೆಂದ ಕಾಳು. ಸೌಟಿನ ಹಿಂಭಾಗದಿಂದ ಅರ್ಧ ಮಸೆದು, ಬೇಯಿಸಿದ ನೀರನ್ನೇ ಸ್ವಲ್ಪ ಸ್ವಲ್ಪ ಹಾಕುತ್ತಾ ಗಟ್ಟಿ ಮಾಡಿದೆ. ಹಂದಿಯ ಕೊಬ್ಬಿಲ್ಲದಿದ್ದರೆ ರುಚಿ ಬರುವುದಿಲ್ಲ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಬೀನ್ಸ್ ಬೆಂದ ನೀರು ಚೆಲ್ಲದಿದ್ದರೆ ಸಾಕು, ರುಚಿಯೆಲ್ಲ ಅದರಲ್ಲೇ ಇರುತ್ತದೆ.

ಇನ್ನೊಂದಕ್ಕೆ ಪೊಬ್ಲಾನೊ ಮೆಣಸಿನಕಾಯಿ. ದೊಣ್ಣೆಮೆಣಸಿನಕಾಯಿಗಿಂತ ಉದ್ದ, ಬಣ್ಣ ಕಡು ಹಸಿರು, ಸ್ವಲ್ಪ ಮಾತ್ರ ಖಾರ. ಗ್ಯಾಸಿನ ಉರಿಯ ಮೇಲೆ ಸುಟ್ಟು, ಮುಚ್ಚಿಟ್ಟು, ಕರಿ ಸಿಪ್ಪೆ ಸುಲಿದು, ಉದ್ದುದ್ದ ಸೀಳಿ, ಈರುಳ್ಳಿ ಮತ್ತು ಕೆನೆಯ ಜೊತೆ ಬಾಡಿಸಬೇಕು. ಇದಕ್ಕೆ ರಾಹಸ್ ಅನ್ನುತ್ತಾರೆ. ಸುಡುವ ಕೆಲಸವನ್ನು ಅವ್ವ ಕೇಳದೆಯೇ ತೆಗೆದುಕೊಂಡಳು. ಬದನೆಕಾಯಿ ಸುಟ್ಟು ರೂಢಿ ಇರುವ ಕೈ.

ಕೆಂಪು ಸಾಲ್ಸಾಗೆ, ಅಂದರೆ ಟಾಕೋದ ಮೇಲೆ ಹಾಕುವ ಚಟ್ನಿಗೆ, ಇಲ್ಲಿ ಗ್ವಾಹಿಯೋ ಅನ್ನುವ ಒಣ ಮೆಣಸಿನಕಾಯಿ ಬೇಕು. ಮನೆಯಲ್ಲಿ ಇರಲಿಲ್ಲ. ಅವ್ವ ತನ್ನ ಸೂಟ್‌ಕೇಸಿನಿಂದ ಬ್ಯಾಡಗಿ ಮೆಣಸಿನಕಾಯಿ ತಂದಳು. ಬಣ್ಣ ಜಾಸ್ತಿ, ಖಾರ ಕಡಿಮೆ, ಎರಡರ ಗುಣವೂ ಒಂದೇ. ನಾಲ್ಕನ್ನು ಹಂಚಿನ ಮೇಲೆ ಬಿಸಿ ಮಾಡಿ ಬಿಸಿನೀರಲ್ಲಿ ನೆನೆಸಿ, ಹಂಚಿನಲ್ಲೇ ಸುಟ್ಟ ಮೂರು ಟೊಮೆಟೊ, ಎರಡು ಬೆಳ್ಳುಳ್ಳಿ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿದೆವು. ಪಕ್ಕದ ಮನೆಯವರು ನಾಲಿಗೆಗೆ ಹಚ್ಚಿ ನೋಡಿ, ಆ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೆಣಸಿನಕಾಯಿ ಮೂಲದಲ್ಲಿ ಅವರ ಕಡೆಯದೇ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂದದ್ದು. ಐದುನೂರು ವರ್ಷ ಆದ ಮೇಲೆ ಅದು ಬ್ಯಾಡಗಿಯ ಹೆಸರು ಹೊತ್ತುಕೊಂಡು ಅವರ ಕೈಗೆ ಬಂದು ಕೂತಿತ್ತು. ಒಂದು ಹಿಡಿ ಮೆಣಸಿನಕಾಯಿಯನ್ನು ಅವ್ವ ಅವರಿಗೆ ಕಟ್ಟಿಕೊಟ್ಟಳು.

ಈಗ ಬೇಯಿಸುವ ಹೊತ್ತು. ಒತ್ತುವ ಮಣೆಗೆ ಪ್ಲಾಸ್ಟಿಕ್ ಚೀಲ ಕತ್ತರಿಸಿ ಎರಡು ಹಾಳೆ ಮಾಡಿ, ನಡುವೆ ಉಂಡೆ ಇಟ್ಟು ಒತ್ತುವುದು ಮಗನ ಕೆಲಸ. ಬೇಯಿಸುವುದು ಅವ್ವನದು. ಮೊದಲನೆಯದನ್ನು ಹಂಚಿಗೆ ಹಾಕಿದವಳೇ ರೂಢಿಯಂತೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. ಜೋಳದ ರೊಟ್ಟಿಗೆ ಹಾಗೇ ಮಾಡಬೇಕು. ಟೋರ್ತಿಯಾ ಮಾತ್ರ ತಿರುವಿದ ಕೂಡಲೇ ಹಂಚಿಗೆ ಅಂಟಿ ಹರಿಯಿತು. ಪಕ್ಕದ ಮನೆಯವರು ಅವ್ವನ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಇನ್ನೊಬ್ಬರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಜಾಸ್ತಿ ಬಾರದು. ಅವರು ಬೆರಳು ಎತ್ತಿ ಎಣಿಸಿ ತೋರಿಸಿದರು. ಒಂದು ಬದಿ ಅರ್ಧ ನಿಮಿಷ, ತಿರುವು. ಎರಡನೆಯ ಬದಿ ಒಂದು ನಿಮಿಷ, ತಿರುವು. ಮೂರನೆಯ ಸಲ ಬೆರಳ ತುದಿಯಿಂದ ನಡುವೆ ಮೆಲ್ಲಗೆ ಒತ್ತು. ಒತ್ತಿದಳು. ಟೋರ್ತಿಯಾ ಪೂರಿ ಉಬ್ಬಿದ ಹಾಗೆ ಉಬ್ಬಿತು.

"ಉಬ್ಬಿತು ನೋಡು!" ಅಂತ ಅವ್ವ ಕೂಗಿದ ದನಿ ನನಗೆ ಇನ್ನೂ ಕಿವಿಯಲ್ಲಿದೆ. ಹಿಂದಿನ ರಾತ್ರಿಯಿಂದ ಅವಳ ಮುಖದಲ್ಲಿ ಇಲ್ಲದ ಬೆಳಕು ಆಗ ಬಂತು. ಪಕ್ಕದ ಮನೆಯವರು ಚಪ್ಪಾಳೆ ತಟ್ಟಿದರು. ಐದನೆಯ ಉಂಡೆಯ ಹೊತ್ತಿಗೆ ಅವ್ವ ಮಣೆಯನ್ನೂ ಬಿಟ್ಟು ಎರಡು ಅಂಗೈ ನಡುವೆಯೇ ತಟ್ಟಲು ಶುರು ಮಾಡಿದಳು. ಅದನ್ನು ನೋಡಿ ಪಕ್ಕದವರು, ತಮ್ಮ ಅಜ್ಜಿಯೂ ಹೀಗೇ ಕೈಯಲ್ಲೇ ತಟ್ಟುತ್ತಿದ್ದರು ಅಂತ ಮಗನ ಮೂಲಕ ಹೇಳಿಸಿದರು.

ಬೆಂದಿದ್ದನ್ನು ಒಂದರ ಮೇಲೊಂದು ಇಟ್ಟು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಬಿಡಬೇಕು. ತಮ್ಮ ಹಬೆಯಲ್ಲೇ ಅವು ಮೆತ್ತಗಾಗುತ್ತವೆ. ಅವಸರ ಮಾಡಿ ಹಂಚಿನಿಂದ ನೇರ ತಟ್ಟೆಗೆ ಹಾಕಿದರೆ ಮಡಚುವಾಗ ಬಿರಿಯುತ್ತವೆ. ಟಾಕೋ ಅಂದರೆ ಒಳಗಿನ ಪಲ್ಯ ಅಂತ ನಾನು ಎಷ್ಟೋ ವರ್ಷ ತಿಳಿದುಕೊಂಡಿದ್ದೆ. ಪೊಟ್ಟಣದ ಗರಿಗರಿ ಚಿಪ್ಪು ತಂದು, ಅದರೊಳಗೆ ಏನೇನೋ ತುಂಬಿಸುತ್ತಿದ್ದೆ. ಆ ದಿನ ಅದು ಬದಲಾಯಿತು. ಬಿಸಿ ಟೋರ್ತಿಯಾ ಒಂದು ಸರಿಯಾಗಿದ್ದರೆ, ಒಳಗೆ ಬರೀ ಉಪ್ಪು, ನಿಂಬೆರಸ ಇದ್ದರೂ ಊಟ ಆಗುತ್ತದೆ.

ತುಂಬುವುದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಬೀನ್ಸ್ ಇಲ್ಲವೇ ರಾಹಸ್, ಮೇಲೆ ಪುಡಿ ಮಾಡಿದ ಪನೀರು, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ, ಸಾಲ್ಸಾ, ನಿಂಬೆಹಣ್ಣು. ಅವ್ವ ಆರು ತಿಂದಳು. ನಾನು ಎಣಿಸಿದೆ, ಯಾಕೆಂದರೆ ಹಿಂದಿನ ರಾತ್ರಿ ಆ ಎರಡು ತುತ್ತು ಬಿಟ್ಟರೆ ಅವಳು ಏನೂ ತಿಂದಿರಲಿಲ್ಲ.

ನಾಲ್ಕು ಟೋರ್ತಿಯಾ ಉಳಿದವು. ಭಾನುವಾರ ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಬಂದಾಗ ಅವ್ವ ಆಗಲೇ ಅವನ್ನು ಸಣ್ಣ ಉರಿಯ ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಕಡಕ್ ರೊಟ್ಟಿ ಮಾಡುತ್ತಿದ್ದಳು. ಮೊಸರು, ಶೇಂಗಾ ಚಟ್ನಿ, ಮಿಕ್ಕಿದ ಬೀನ್ಸ್ ಪಕ್ಕದಲ್ಲಿಟ್ಟಿದ್ದಳು. ಮಣೆ ವಾಪಸು ಒಯ್ಯಲು ಬಂದ ಪಕ್ಕದ ಮನೆಯವರು ತಟ್ಟೆ ನೋಡಿ, "ತೋಸ್ತಾದಾ!" ಅಂದರು. ಅವರ ಕಡೆಯೂ ಉಳಿದ ಟೋರ್ತಿಯಾವನ್ನು ಹೀಗೇ ಗರಿಗರಿ ಮಾಡಿ, ಮೇಲೆ ಬೀನ್ಸ್ ಹಚ್ಚಿ ತಿನ್ನುತ್ತಾರೆ. ಅವ್ವನಿಗೆ ಆ ಮಾತು ಅರ್ಥವಾಗಲಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿ, ಒಂದನ್ನು ಮುರಿದು, ಚಟ್ನಿ ಹಚ್ಚಿ ಕೈಗೆ ಕೊಟ್ಟಳು.