ಅಪ್ಪನ ಬ್ಯಾಗು
ಬನಶಂಕರಿಯಿಂದ ಮೆಜೆಸ್ಟಿಕ್ ಬಸ್ಸಲ್ಲಿ ಡಬ್ಬಿ ಮುಚ್ಚಳ ಸಡಿಲ ಆಗಿ, ಪುಳಿಯೋಗರೆ ಎಣ್ಣೆಯೆಲ್ಲ ಅಪ್ಪನ ಲೆದರ್ ಬ್ಯಾಗಿಗೆ ಇಳಿದಿತ್ತು. ಅಂಗೈಯಗಲ ಕಲೆ. ಹೊಟ್ಟೆ ಉರಿದುಹೋಯ್ತು.

ಮನೆಗೆ ಬಂದವನೇ ಒದ್ದೆ ಬಟ್ಟೆ ತಗೊಂಡೆ. ಅಮ್ಮ ತಡೆದರು.
"ನೀರು ಮುಟ್ಟಿಸಬೇಡ ಕಣೋ, ಇನ್ನೂ ಹರಡತ್ತೆ."

ಒಣ ಬಟ್ಟೆ ಒತ್ತಿ ಎಣ್ಣೆ ತೆಗೆದು, ಮೇಲೆ ದಪ್ಪಕ್ಕೆ ಕಾರ್ನ್‌ಫ್ಲೋರ್ ಉದುರಿಸಿದ್ವಿ. ಉಜ್ಜೋ ಹಾಗಿಲ್ಲ, ಬಿಸಿಲಿಗೂ ಇಡೋ ಹಾಗಿಲ್ಲ, ಚರ್ಮ ಬಿರುಕು ಬಿಡತ್ತೆ. ರಾತ್ರಿಯಿಡೀ ಹಾಗೇ ಬಿಡಬೇಕು. ಈಗಲೇ ಹಿಟ್ಟು ಅಲ್ಲಲ್ಲಿ ಎಣ್ಣೆ ಹೀರಿ ಹಳದಿಯಾಗಿ ಗಂಟು ಕಟ್ಟಿದೆ. ನೋಡ್ತಾ ಕೂತಿದೀನಿ.

ಹಿಡಿಕೆ ಮೇಲೆ ಇನ್ನೊಂದು ಕಪ್ಪು ಗುರುತಿದೆ. 20 ವರ್ಷ ಅಪ್ಪ ಹಿಡಿದ ಜಾಗ, ಕೈ ಬೆವರಿಗೆ ಕಪ್ಪಾದದ್ದು, ನಾಲ್ಕು ಬೆರಳೂ ಕಾಣತ್ತೆ.
ಅದಕ್ಕೆ ಹಿಟ್ಟು ಹಾಕಲಿಲ್ಲ. ಅಮ್ಮನೂ ಹಾಕು ಅನ್ನಲಿಲ್ಲ.