ಮೂಕಿ ಎತ್ತಿದ ರೈಲು ಸೇತುವೆ

ನಮ್ಮೂರು ಕೋಲಾರ ಜಿಲ್ಲೆಯ ಬೇತಮಂಗಲದ ಕಡೆ. ಅಲ್ಲಿ ಪಾಲಾರ್ ಅನ್ನೋ ನದಿ ಇದೆ. ಇದೆ ಅಂತ ಭೂಪಟ ಹೇಳುತ್ತದೆ. ನಾನು ಹುಡುಗನಾಗಿದ್ದಾಗ ಅದರಲ್ಲಿ ನೋಡಿದ್ದು ಮರಳು, ಜಾಲಿಗಿಡ, ಸೇತುವೆ ನೆರಳಲ್ಲಿ ಮಲಗಿದ ಕುರಿಗಳು ಅಷ್ಟೇ. 2021ರ ನವೆಂಬರ್‌ ಮಳೆಗೆ ಕೆರೆಗಳೆಲ್ಲ ಕೋಡಿ ಬಿದ್ದಾಗ ಜನ ಸಂಸಾರ ಸಮೇತ ಬಂದು ಸೇತುವೆ ಮೇಲೆ ನಿಂತು ನೀರು ನೋಡಿದರು. ಜಾತ್ರೆ ಥರ. ಇಂಥ ಊರಿನವನಿಗೆ, ದೋಣಿ ಬಂತು ಅಂತ ರೈಲು ಸೇತುವೆ ಎರಡು ಹೋಳಾಗಿ ಮೇಲೇಳುತ್ತದೆ ಅಂದರೆ ನಂಬಿಕೆ ಬರುತ್ತಾ?

ಅಂಥದ್ದೇ ಒಂದು ಸೇತುವೆ ಪಾಂಬನ್, ಸಮುದ್ರ ದಾಟಿ ರಾಮೇಶ್ವರ ದ್ವೀಪಕ್ಕೆ ರೈಲು ಒಯ್ಯುತ್ತಿದ್ದದ್ದು. ಮೊದಲ ಸಲ ಅದನ್ನು ದಾಟಿದ್ದು 2001ರಲ್ಲಿ, ತಾತನ ಜೊತೆ ರಾಮೇಶ್ವರಕ್ಕೆ ಹೋದಾಗ. ಬಂಗಾರಪೇಟೆಯಲ್ಲಿ ಹತ್ತಿ, ಎಲ್ಲೆಲ್ಲೋ ಇಳಿದು ಹತ್ತಿ, ಮಧುರೆಯಿಂದ ಮೀಟರ್ ಗೇಜ್ ಗಾಡಿ. ಸೇತುವೆ ಬಂದ ಕೂಡಲೇ ರೈಲು ತೆವಳೋಕೆ ಶುರು ಮಾಡಿತು. ಎರಡೂ ಕಡೆ ತಡೆಗೋಡೆ ಇಲ್ಲ, ಕಿಟಕಿಯಿಂದ ಬಗ್ಗಿದರೆ ನೇರ ಸಮುದ್ರ. ತಾತ ಕಣ್ಣು ಮುಚ್ಚಿ ಕೂತಿದ್ದರು. ಭಕ್ತಿ ಅಂದುಕೊಂಡಿದ್ದೆ, ಆಮೇಲೆ ಗೊತ್ತಾಯ್ತು, ಭಯ.

ಆ ಸಲ ಸೇತುವೆ ತೆರೆಯೋದು ನೋಡಲಿಲ್ಲ. ನೋಡಿದ್ದು 2016ರಲ್ಲಿ, ಪಕ್ಕದ ರಸ್ತೆ ಸೇತುವೆ ಮೇಲೆ ನಿಂತು. ಕೆಳಗೆ ಮೀನುಗಾರರ ದೋಣಿಗಳು ಸಾಲಾಗಿ ಕಾಯುತ್ತಿದ್ದವು. ಹತ್ತು ಹನ್ನೆರಡು ಜನ, ಎರಡು ಗುಂಪಾಗಿ, ಎರಡು ದಡದ ಕಡೆಯಿಂದಲೂ ಹಿಡಿಕೆ ಹಿಡಿದು ತಿರುಗಿಸುತ್ತಿದ್ದರು. ಮೋಟಾರ್ ಇಲ್ಲ! ನಾಲ್ಕು ಸುತ್ತು ತಿರುಗಿಸಿ ಒಬ್ಬ ಅಂಗೈ ಪ್ಯಾಂಟಿಗೆ ಒರೆಸಿಕೊಂಡ, ಗ್ರೀಸಿನ ಕರಿ ಪಟ್ಟೆ ತೊಡೆ ಮೇಲೆ ಉಳಿಯಿತು. ಮತ್ತೆ ಹಿಡಿದ. ಒಂದು ಹೋಳಿನ ತೂಕ ನಾನೂರು ಟನ್‌ಗೂ ಜಾಸ್ತಿ. ಹತ್ತು ನಿಮಿಷ ಏನೂ ಆದ ಹಾಗೆ ಕಾಣಲಿಲ್ಲ. ಆಮೇಲೆ ನಡುವಿನ ಸೀಳಿನಲ್ಲಿ ಒಂದು ಗೇಣು ಆಕಾಶ ಕಾಣಿಸಿತು. ಪೂರ್ತಿ ಏಳೋಕೆ ಅರ್ಧ ಗಂಟೆಗೂ ಜಾಸ್ತಿ ಬೇಕಾಯಿತು. ನನ್ನ ಪಕ್ಕ ನಿಂತಿದ್ದ ಕಡಲೆಕಾಯಿ ಮಾರುವವನು ಮಾತ್ರ ಒಂದು ಸಲವೂ ತಿರುಗಿ ನೋಡಲಿಲ್ಲ.

ಊರಿಗೆ ಬಂದು ಫೋನಿನಲ್ಲಿ ವಿಡಿಯೋ ತೋರಿಸಿದೆ. ತಾತ ಎರಡು ಸಲ ನೋಡಿ, "ಇದ್ರಲ್ಲಿ ಏನೈತೆ? ಹಿಂಬಾರ ಹಾಕವ್ರೆ, ಮೂಕಿ ಎದ್ದೈತೆ" ಅಂದರು.

ಗಾಡಿ ಹೊಡೆದವರಿಗೆ ಇದು ಗೊತ್ತಿರುತ್ತದೆ. ಎತ್ತಿನ ಗಾಡಿಯ ಹಿಂದುಗಡೆ ಹೇರು ಜಾಸ್ತಿ ಆದರೆ ಹಿಂಬಾರ. ನೊಗ ಬಿಚ್ಚಿದ ಕೂಡಲೇ ಮೂಕಿ, ಅಂದರೆ ಗಾಡಿಯ ಮುಂದಿನ ಉದ್ದನೆ ಮರ, ತಾನೇ ಮೇಲೇಳುತ್ತದೆ. ಪಾಂಬನ್ ಸೇತುವೆಯ ಹೋಳು ಮಾಡುತ್ತಿದ್ದದ್ದೂ ಅದೇ ಕೆಲಸ. ಅದರ ಬುಡದಲ್ಲಿ ಗಾಡಿಚಕ್ರದ ತುಂಡಿನ ಹಾಗೆ ಬಾಗಿದ ದಪ್ಪ ಉಕ್ಕಿನ ಭಾಗ, ಅದರ ಹಿಂದೆ ಭಾರಿ ತೂಕ. ಹಿಡಿಕೆ ತಿರುಗಿಸಿದರೆ ಆ ಬಾಗು ಹಳಿ ಮೇಲೆ ಹಿಂದಕ್ಕೆ ಉರುಳುತ್ತದೆ, ಮುಂದಿನ ತುದಿ ಏಳುತ್ತದೆ. ತೂಕಕ್ಕೆ ತೂಕ ಸರಿಯಾಗಿ ಕೂತಿರುವುದರಿಂದಲೇ ಅಷ್ಟು ಟನ್ ಕಬ್ಬಿಣ ಕೈಯಲ್ಲಿ ಅಲುಗುತ್ತಿತ್ತು.

ತಾತ ಅಷ್ಟು ಹಗುರವಾಗಿ ಹೇಳಿದ ಈ ಉಪಾಯ ಹುಟ್ಟಿದ್ದು ಮಾತ್ರ ಸಮುದ್ರದಲ್ಲಲ್ಲ, ಶಿಕಾಗೋ ಊರಿನ ನಡುವೆ ಹರಿಯುವ ಇಕ್ಕಟ್ಟಾದ ನದಿಯಲ್ಲಿ. ಅಲ್ಲಿ ಮುಂಚೆ ಇದ್ದದ್ದು ತಿರುಗುವ ಸೇತುವೆಗಳು. ನದಿ ನಡುವೆ ಒಂದು ಕಂಬ, ಅದರ ಮೇಲೆ ಇಡೀ ಸೇತುವೆ ಬೀಸುವ ಕಲ್ಲಿನ ಹಾಗೆ ಸುತ್ತಬೇಕು. ಆ ಕಂಬವೇ ಹಡಗುಗಳಿಗೆ ಅಡ್ಡ. 1890ರ ದಶಕದಲ್ಲಿ ಮೆಟ್ರೋಪಾಲಿಟನ್ ಅನ್ನೋ, ಬೀದಿಗಿಂತ ಎತ್ತರದಲ್ಲಿ ಕಂಬಗಳ ಮೇಲೆ ರೈಲು ಓಡಿಸುವ ಕಂಪನಿ, ಅಂಥ ಎರಡು ಸೇತುವೆಗಳ ಮಧ್ಯೆ ನದಿ ದಾಟಬೇಕಾಯಿತು. ಇನ್ನೊಂದು ಸೇತುವೆ ಸುತ್ತೋಕೆ ಅಲ್ಲಿ ಜಾಗವೇ ಇಲ್ಲ. ಎರಡು ಹೋಳಾಗಿ ಏಳುವ ಲಂಡನ್ನಿನ ಟವರ್ ಬ್ರಿಡ್ಜ್ ಮಾದರಿ ಮಾಡೋಣ ಅಂದರೆ ಹಿಂದಿನ ತೂಕ ಇಳಿಯೋಕೆ ದಡದಲ್ಲಿ ಆಳವಾದ ಗುಂಡಿ ತೋಡಬೇಕು. ವಿಲಿಯಂ ಶೆರ್ಜರ್ ಅನ್ನೋ ಎಂಜಿನಿಯರ್ ಹೊಳೆಸಿಕೊಂಡಿದ್ದು ಏನಪ್ಪಾ ಅಂದರೆ, ಹೋಳನ್ನು ಒಂದೇ ಅಚ್ಚಿನ ಮೇಲೆ ಎತ್ತೋ ಬದಲು ಹಿಂದಕ್ಕೆ ಉರುಳಿಸಿಬಿಡೋದು. ಗುಂಡಿಯ ತಂಟೆ ಕಡಿಮೆ, ನದಿಯೂ ಅಗಲವಾಗಿ ಬಿಟ್ಟುಕೊಳ್ಳುತ್ತದೆ. ಪಾಪ, 1893ರಲ್ಲೇ ಅವನು ತೀರಿಹೋದ. ಪೇಟೆಂಟ್ ಬಂದಿದ್ದು ಅದೇ ವರ್ಷದ ಕೊನೆಗೆ. ರೈಲು ಸೇತುವೆ, ಅದರ ಪಕ್ಕದ ವ್ಯಾನ್ ಬ್ಯೂರನ್ ಬೀದಿಯ ಸೇತುವೆ ಎರಡೂ ಶುರುವಾಗಿದ್ದು 1895ರಲ್ಲಿ. ಕಂಪನಿ ಮುಂದುವರಿಸಿದ್ದು ಅವನ ತಮ್ಮ ಆಲ್ಬರ್ಟ್.

ಅಲ್ಲಿಂದ ಇಪ್ಪತ್ತು ವರ್ಷದೊಳಗೆ ಅದೇ ಮೂಕಿ ನಮ್ಮ ದಕ್ಷಿಣದ ತುದಿಗೆ ಬಂತು. 1914ರ ಫೆಬ್ರವರಿ 24ಕ್ಕೆ ಪಾಂಬನ್ ಸೇತುವೆ ಶುರು. ಆಗ ಮದ್ರಾಸಿನಿಂದ ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿವರೆಗೆ ಬೋಟ್ ಮೇಲ್ ರೈಲು, ಅಲ್ಲಿಂದ ಹಡಗಿನಲ್ಲಿ ಶ್ರೀಲಂಕಾದ ತಲೈಮನ್ನಾರ್, ಆಮೇಲೆ ಮತ್ತೆ ರೈಲಿನಲ್ಲಿ ಕೊಲಂಬೊ. ಒಂದು ವರ್ಷ ಮುಂಚೆ, 1913ರಲ್ಲಿ, ನಮ್ಮ ಬಂಗಾರಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಗೇಜಿನ ಪುಟ್ಟ ರೈಲು ಬಂದಿತ್ತು. ಬಂಗಾರಪೇಟೆ ಆಗಿನ್ನೂ ಬೌರಿಂಗ್‌ಪೇಟೆ. ಹೆಚ್ಚುಕಮ್ಮಿ ಓರಗೆಯವು, ಆದರೆ ನಮ್ಮದಕ್ಕೆ ದೋಣಿಗೆ ದಾರಿ ಬಿಡೋ ಕಷ್ಟ ಯಾವತ್ತೂ ಬರಲಿಲ್ಲ ಬಿಡಿ.

ನನ್ನನ್ನು ಬಿಡದೆ ಕಾಡುವುದು 1964ರ ಡಿಸೆಂಬರ್ 22ರ ರಾತ್ರಿ. ಚಂಡಮಾರುತಕ್ಕೆ ಧನುಷ್ಕೋಡಿ ಊರೇ ಕೊಚ್ಚಿಹೋಯಿತು. ಪಾಂಬನ್‌ನಿಂದ ಅಲ್ಲಿಗೆ ಹೊರಟಿದ್ದ ಪ್ಯಾಸೆಂಜರ್ ರೈಲನ್ನು ಅಲೆ ನುಂಗಿತು, ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಸೇತುವೆಯ 145 ಸಣ್ಣ ಗರ್ಡರ್‌ಗಳಲ್ಲಿ 126 ಸಮುದ್ರಕ್ಕೆ ಬಿದ್ದವು. ನಿಂತಿದ್ದು ಯಾವುದು? ನಡುವಿನ ಆ ಏಳುವ ಭಾಗ! ಅಲುಗಾಡೋ ಭಾಗವೇ ಮೊದಲು ಮುರಿಯುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ? ಅಲುಗದೆ ಸುಮ್ನೆ ಕೂತಿದ್ದ ಗರ್ಡರ್‌ಗಳೇ ಹೋದವು. ರಿಪೇರಿ ಕೆಲಸ ಬಂದಿದ್ದು ಇ. ಶ್ರೀಧರನ್ ಅನ್ನೋ ಯುವ ಎಂಜಿನಿಯರ್ ಕೈಗೆ, ಮುಂದೆ ಡೆಲ್ಲಿ ಮೆಟ್ರೋ ಕಟ್ಟಿಸಿದ ಅದೇ ಶ್ರೀಧರನ್. ಮುಳುಗಿದ ಗರ್ಡರ್‌ಗಳ ಜಾಗ ಮೀನುಗಾರರು ತೋರಿಸಿದರು, ಮೇಲೆತ್ತಿಸಿ ಮತ್ತೆ ಕೂರಿಸಿದರು. 46 ದಿನಕ್ಕೆ ಸೇತುವೆ ಸಿದ್ಧ. ನಮ್ಮೂರಿನ ರೈಲ್ವೆ ಅಂಡರ್‌ಪಾಸ್‌ನಿಂದ ಮಳೆನೀರು ಹೊರಗೆ ಹಾಕೋಕೆ ಒಮ್ಮೆ ಎಷ್ಟು ದಿನ ತೆಗೆದುಕೊಂಡರು ಅಂತ ಹೇಳಲ್ಲ ಈಗ, ಬೇಡ.

2007ಕ್ಕೆ ಬ್ರಾಡ್ ಗೇಜ್ ಬಂತು, ಹಳೇ ಮೂಕಿಯೇ ಅದನ್ನೂ ಹೊತ್ತಿತು. ಆದರೆ ಉಪ್ಪುಗಾಳಿ ತಿನ್ನದೆ ಬಿಡುತ್ತಾ? 2022ರ ಡಿಸೆಂಬರಿನಲ್ಲಿ ರೈಲು ನಿಲ್ಲಿಸಿದರು. ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆ ಆಯಿತು. ಇದು ಹೋಳಾಗುವುದಿಲ್ಲ. ನಡುವಿನ 72.5 ಮೀಟರ್ ಭಾಗ ಹಾಗೇ ನೇರವಾಗಿ 17 ಮೀಟರ್ ಮೇಲಕ್ಕೆ ಹೋಗುತ್ತದೆ. ಎರಡು ಗೋಪುರ, ಉಕ್ಕಿನ ಹಗ್ಗ, ಆ ಕಡೆ ತೂಗುವ ತೂಕ. ಗುಂಡಿ ಒತ್ತಿದರೆ ಐದಾರು ನಿಮಿಷ. ಒಳ್ಳೆಯದೇ, ಆ ಬಿಸಿಲಲ್ಲಿ ಹಿಡಿಕೆ ತಿರುಗಿಸೋ ಕೆಲಸ ಯಾರಿಗೆ ಬೇಕು ಹೇಳಿ? ಆದರೂ ನನಗೆ ಅದು ಅಪಾರ್ಟ್‌ಮೆಂಟ್ ಲಿಫ್ಟ್ ನೋಡಿದ ಹಾಗೇ ಅನಿಸಿತು.

ತಾತನಿಗೆ ಈಗ ತೊಂಬತ್ತು ದಾಟಿದೆ, ಕಣ್ಣು ಮಂಜು. ಹೊಸ ಸೇತುವೆಯ ವಿಡಿಯೋ ಅವರ ಮೂಗಿನ ಹತ್ತಿರ ಹಿಡಿದು, "ಇದು ಗಾಡಿ ಅಲ್ಲ ತಾತ, ಬಾವಿ ರಾಟೆ ಥರ" ಅಂದೆ. ಸ್ವಲ್ಪ ಹೊತ್ತು ನೋಡಿದರು.

"ಹಗ್ಗ ಯಾರು ನೋಡ್ಕೋತಾರೆ?" ಅಂತ ಕೇಳಿದರು.